ಮೋಟಾರು ತಿರುಗುತ್ತದೆ, ಜೀಪು ಯಾಕೆ ಹತ್ತುವುದಿಲ್ಲ?

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಎಂಟನೇ ಕ್ಲಾಸಿನ ಮಗಳು ಲೆಗೋ ಟೆಕ್ನಿಕ್ ಅನ್ನುವ ಆಟಿಕೆ ಸೆಟ್ಟಿನ ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಒಂದು ಫೋರ್ ವೀಲ್ ಜೀಪು ಮಾಡಿದ್ದಾಳೆ. ಸ್ಟೇರಿಂಗ್ ಕೆಲಸ ಮಾಡುತ್ತದೆ, ಜಗುಲಿ ಮೇಲೆ ಚೆನ್ನಾಗಿ ಓಡುತ್ತದೆ. ಆದರೆ ಅಂಗಳದಿಂದ ಜಗುಲಿಗೆ ಹಲಗೆ ಇಟ್ಟು ಹತ್ತಿಸಿದರೆ ಅರ್ಧಕ್ಕೇ ನಿಂತು ಒಳಗಿಂದ ಟಕ್ ಟಕ್ ಅನ್ನುತ್ತದೆ. ಇನ್ನೂ ದೊಡ್ಡ ಮೋಟಾರು ತರಿಸಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರದ್ದು ಟ್ರಾಕ್ಟರು, ಇನ್ನೊಬ್ಬರದ್ದು ಲಾರಿ. ಎಲ್ಲರೂ ಮೊದಲು ಅನುಮಾನ ಪಡುವುದು ಮೋಟಾರಿನ ಮೇಲೆ. ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ಸುಳಿವು ಇದೆ, ಆ ಟಕ್ ಟಕ್. ಅದರಿಂದಲೇ ಶುರು ಮಾಡೋಣ.

ಮೋಟಾರಿಗೆ ಶಕ್ತಿ ಸಾಲದಿದ್ದರೆ ಅದು ಸುಮ್ನೆ ಗುಂಯ್ ಅಂತ ನಿಂತುಬಿಡುತ್ತದೆ. ಟಕ್ ಅನ್ನುವುದಿಲ್ಲ. ಟಕ್ ಅನ್ನುವುದು ಗೇರಿನ ಹಲ್ಲು ಇನ್ನೊಂದು ಗೇರಿನ ಹಲ್ಲನ್ನು ದಾಟಿ ಜಿಗಿದಾಗ. ಅಂದರೆ ಮೋಟಾರು ಇನ್ನೂ ತಿರುಗುತ್ತಿದೆ, ಚಕ್ರ ನಿಂತಿದೆ, ನಡುವೆ ಎಲ್ಲೋ ಎರಡು ಗೇರು ಒಂದನ್ನೊಂದು ದೂರ ತಳ್ಳಿ ತಪ್ಪಿಸಿಕೊಳ್ಳುತ್ತಿವೆ. ಇಂಥ ಗಾಡಿಗೆ ದೊಡ್ಡ ಮೋಟಾರು ಹಾಕಿದರೆ ಟಕ್ ಟಕ್ ಜಾಸ್ತಿಯಾಗುತ್ತದೆ, ಹಲ್ಲು ಸವೆದುಹೋಗುತ್ತದೆ, ಅಷ್ಟೇ.

ಎಲ್ಲಿ ಜಿಗಿಯುತ್ತಿದೆ ಅಂತ ನೋಡುವುದು ಸುಲಭ. ಜೀಪಿನ ಮೇಲ್ಭಾಗ ಬಿಚ್ಚಿ. ಒಬ್ಬರು ಚಕ್ರ ಹಿಡಿದುಕೊಳ್ಳಲಿ, ಇನ್ನೊಬ್ಬರು ಒಂದೆರಡು ಕ್ಷಣ ಮಾತ್ರ ಸ್ವಿಚ್ ಹಾಕಲಿ. ಯಾವ ಆಕ್ಸಲ್ ಕಡ್ಡಿ ಬಾಗುತ್ತದೆ, ಯಾವ ಗೇರು ಪಕ್ಕಕ್ಕೆ ಸರಿಯುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ತುಂಬಾ ಸಲ ಅದು ಕಡ್ಡಿ ಕಡ್ಡಿಗೆ ಲಂಬವಾಗಿ ತಿರುಗುವ ಮೂಲೆ, ಅಂದರೆ ಬೆವೆಲ್ ಗೇರು ಸೇರುವ ಜಾಗ. ಅಲ್ಲಿ ಗೇರುಗಳು ಎರಡು ದಿಕ್ಕಿಗೆ ತಳ್ಳುತ್ತವೆ. ಒಂದು ಕಡೆ ಮಾತ್ರ ಬೀಮ್, ಅಂದರೆ ರಂಧ್ರಗಳ ಸಾಲಿರುವ ಪಟ್ಟಿ, ಕೊಟ್ಟಿದ್ದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಸೆಟ್ಟಿನ ಜೊತೆ ಬರುವ ಪುಸ್ತಕ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬೀಮ್‌ಗಳನ್ನು ಒಂದಕ್ಕೊಂದು ಸೇರಿಸುವ ಟೆಕ್ನಿಕ್ ಪಿನ್ನಿಗೆ ಅಡ್ಡಡ್ಡ ಬಲ ಬಿದ್ದರೆ ಅದು ಗಟ್ಟಿಯಾಗಿ ತಡೆಯುತ್ತದೆ. ಪಿನ್ನಿನ ಉದ್ದಕ್ಕೇ ಎಳೆದರೆ ಕಳಚಿಕೊಂಡು ಬರುತ್ತದೆ. ನಾವು ಬಿಡಿಸುವಾಗ ಎಳೆಯುವುದೂ ಹಾಗೇ ಅಲ್ವಾ? ಹಾಗಾಗಿ ಗೇರು ಯಾವ ಕಡೆ ತಳ್ಳುತ್ತದೆ ಅಂತ ಮೊದಲು ನೋಡಿ, ಆ ತಳ್ಳುವಿಕೆ ಪಿನ್ನಿಗೆ ಅಡ್ಡವಾಗಿ ಬೀಳುವ ಹಾಗೆ ಬೀಮ್ ಕಟ್ಟಬೇಕು. ಸೆಟ್ಟಿನಲ್ಲಿ 5×7 ರಂಧ್ರದ ಚೌಕಟ್ಟು ಇದ್ದರೆ ಇನ್ನೂ ಒಳ್ಳೆಯದು. ಅದು ಒಂದೇ ತುಂಡು, ಕಳಚುವ ಮಾತೇ ಇಲ್ಲ. ಮೂಲೆಯ ಬೆವೆಲ್ ಜೋಡಿಯನ್ನು ಅದರೊಳಗೆ ಕೂರಿಸಿ. ಗೇರಿನ ಎರಡೂ ಪಕ್ಕಕ್ಕೆ ಆದಷ್ಟು ಹತ್ತಿರದಲ್ಲಿ ಆಧಾರ ಇರಲಿ, ಕಡ್ಡಿ ಜಾರದಂತೆ ಬುಷ್, ಅಂದರೆ ಕಡ್ಡಿಗೆ ಬಿಗಿಯಾಗಿ ಕೂರುವ ಪುಟ್ಟ ಬಳೆ, ಹಾಕಿ.

ಇನ್ನೊಂದು ಸಣ್ಣ ಅನುಮಾನವನ್ನೂ ಬಗೆಹರಿಸಿಕೊಳ್ಳಿ. ಕೆಲವು ಸೆಟ್ಟುಗಳಲ್ಲಿ 24 ಹಲ್ಲಿನ ಒಂದು ಕ್ಲಚ್ ಗೇರು ಬರುತ್ತದೆ. ಜೋರು ಬಿದ್ದರೆ ಅದರ ನಡುಭಾಗ ಬೇಕಂತಲೇ ಜಾರುತ್ತದೆ, ಮೋಟಾರು ಸುಡದಿರಲಿ ಅಂತ. ಬಿಳಿ ಬಣ್ಣದ್ದಾದರೆ ಅದರ ಮೇಲೆಯೇ ಅದು ಎಷ್ಟು ತಿರುಗಿಸುವ ಬಲಕ್ಕೆ ಜಾರುತ್ತದೆ ಅನ್ನುವುದನ್ನು 2.5 ರಿಂದ 5 ನ್ಯೂಟನ್ ಸೆಂಟಿಮೀಟರ್ ಅಂತ ಅಚ್ಚು ಹಾಕಿರುತ್ತಾರೆ. ಅದು ಸ್ಟೇರಿಂಗಿಗೆ, ಹಗ್ಗ ಸುತ್ತಿ ಭಾರ ಎಳೆಯುವ ವಿಂಚಿಗೆ ಸರಿ. ಚಕ್ರಕ್ಕೆ ಹೋಗುವ ದಾರಿಯಲ್ಲಿ ಅದು ಸೇರಿಕೊಂಡಿದ್ದರೆ ಎಂಥ ಮೋಟಾರು ಹಾಕಿದರೂ ಏರು ಹತ್ತುವುದು ಕಷ್ಟ.

ಚೌಕಟ್ಟು ಗಟ್ಟಿ ಮಾಡಿದ ಮೇಲೆ ಟಕ್ ಟಕ್ ನಿಲ್ಲುತ್ತದೆ. ಆಗ ಬಹುಶಃ ಜೀಪು ಗುಂಯ್ ಅಂತ ನಿಲ್ಲಲು ಶುರುವಾಗುತ್ತದೆ! ಬೇಜಾರಾಗಬೇಡಿ. ಈಗ ಗೇರ್ ರೇಷಿಯೋ, ಅಂದರೆ ಗೇರು ಬಲವನ್ನು ಎಷ್ಟು ಪಟ್ಟು ಮಾಡಬೇಕು ಅನ್ನುವುದನ್ನು, ಲೆಕ್ಕ ಹಾಕುವ ಹೊತ್ತು.

ಮೂರು ಅಡಿ ಉದ್ದದ ಹಲಗೆ ಅಥವಾ ಅಡಿಕೆ ದಬ್ಬೆ ತೆಗೆದುಕೊಳ್ಳಿ. ಒಂದು ತುದಿಯನ್ನು ಒಂದು ಅಡಿ ಎತ್ತರಕ್ಕೆ ಇಡಿ. ಈ ಏರಿನಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆಯುವ ಬಲ ಅದರ ತೂಕದ ಮೂರನೇ ಒಂದು ಭಾಗ. ಬ್ಯಾಟರಿ ಸೇರಿ ಜೀಪು ಒಂದು ಕೆ.ಜಿ. ಅಂದುಕೊಳ್ಳಿ. ಹಿಂದಕ್ಕೆ ಎಳೆಯುವುದು ಸುಮಾರು 333 ಗ್ರಾಂ. ಚಕ್ರದ ತ್ರಿಜ್ಯ 3 ಸೆಂ.ಮೀ. ಆದರೆ ಚಕ್ರದ ಹತ್ತಿರ ಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 333 ಗುಣಿಸು 3. ಹೆಚ್ಚುಕಮ್ಮಿ 1,000 ಗ್ರಾಂ ಸೆಂಟಿಮೀಟರ್. ಗೇರುಗಳ ತಿಕ್ಕಾಟ, ಹಲಗೆಯ ಒರಟು ಎಲ್ಲ ಸೇರಿಸಿ ಎರಡು ಪಟ್ಟು ಇಟ್ಟುಕೊಳ್ಳುವುದು ಕ್ಷೇಮ. 2,000 ಅಂತಿಟ್ಟುಕೊಳ್ಳೋಣ.

ಇನ್ನು ಮೋಟಾರು. ಲೆಗೋದ ಹಳೆಯ ಪವರ್ ಫಂಕ್ಷನ್ಸ್ ಎಂ ಮೋಟಾರು ಭಾರವಿಲ್ಲದೆ ನಿಮಿಷಕ್ಕೆ ಸುಮಾರು 400 ಸುತ್ತು ಹಾಕುತ್ತದೆ. ಪೂರ್ತಿ ನಿಲ್ಲುವ ಹೊತ್ತಿಗೆ ಅದು ಕೊಡುವ ಟಾರ್ಕ್ ಸುಮಾರು 1,100 ಗ್ರಾಂ ಸೆಂಟಿಮೀಟರ್. ಆದರೆ ನಿಲ್ಲುವ ಅಂಚಿನಲ್ಲಿ ದುಡಿಸಿದರೆ ಮೋಟಾರು ಬಿಸಿಯಾಗುತ್ತದೆ. ಅದರ ಮೂರನೇ ಒಂದು ಭಾಗದಷ್ಟು ಕೆಲಸ ಕೊಟ್ಟರೆ ಆರಾಮಾಗಿ ಓಡುತ್ತದೆ. ಅಂದರೆ 370ರ ಆಸುಪಾಸು. 2,000 ಬೇಕು, 370 ಇದೆ. ಐದೂವರೆ ಪಟ್ಟು ಕಡಿಮೆ ಬೀಳುತ್ತದೆ. ಈ ಕೊರತೆ ತುಂಬುವುದು ಗೇರಿನ ಕೆಲಸ.

ನಿಮ್ಮ ಮೋಟಾರು ಬೇರೆಯದಾದರೆ ಅಳೆಯುವುದಕ್ಕೂ ಉಪಾಯ ಇದೆ. ಮೋಟಾರಿನ ಕಡ್ಡಿಗೆ ಒಂದು ಪುಟ್ಟ ರಾಟೆ ಹಾಕಿ, ಅದಕ್ಕೆ ದಾರ ಸುತ್ತಿ, ದಾರದ ತುದಿಗೆ ಒಂದು ಲೋಟ ಕಟ್ಟಿ. ಎತ್ತಲಾರದೆ ನಿಲ್ಲುವ ತನಕ ಲೋಟಕ್ಕೆ ಅಕ್ಕಿ ಹಾಕುತ್ತಾ ಹೋಗಿ. ಆಮೇಲೆ ಲೋಟ ತೂಗಿ, ರಾಟೆಯ ತ್ರಿಜ್ಯದಿಂದ ಗುಣಿಸಿ. ಎಂಟನೇ ಕ್ಲಾಸಿನ ಹುಡುಗಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಸಿಗಲಿಕ್ಕಿಲ್ಲ.

8 ಹಲ್ಲಿನ ಗೇರು 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರರಲ್ಲಿ ಒಂದು ಪಾಲು, ಟಾರ್ಕ್ ಮೂರು ಪಟ್ಟು. ಇಂಥ ಎರಡು ಹಂತ ಇಟ್ಟರೆ ಒಂಬತ್ತು ಪಟ್ಟು. ನಮ್ಮ ಲೆಕ್ಕಕ್ಕೆ ಇದು ಸಾಕು, ಸ್ವಲ್ಪ ಮಿಗುತ್ತದೆ ಕೂಡ. ಟೆಕ್ನಿಕ್ ಗೇರುಗಳ ಚೆಂದ ಏನೆಂದರೆ ಹಲ್ಲು ಎಷ್ಟೋ ವ್ಯಾಸವೂ ಅಷ್ಟೇ ಮಿಲಿಮೀಟರ್. ಬೀಮಿನ ರಂಧ್ರಗಳ ನಡುವಿನ ದೂರ 8 ಮಿ.ಮೀ. ಹಾಗಾಗಿ 8 ಮತ್ತು 24ರ ಜೋಡಿಗೆ ಬೇಕಾದ ದೂರ 4 ಕೂಡಿಸು 12, ಅಂದರೆ 16 ಮಿ.ಮೀ. ಸರಿಯಾಗಿ ಎರಡು ರಂಧ್ರದ ದೂರ. 12 ಮತ್ತು 20 ಕೂಡ ಅಲ್ಲೇ ಕೂರುತ್ತವೆ. 8 ಮತ್ತು 40ಕ್ಕೆ ಮೂರು ರಂಧ್ರ. 16 ಮತ್ತು 24ಕ್ಕೆ 20 ಮಿ.ಮೀ. ಬೇಕು, ಅದು ನೇರ ಸಾಲಿನಲ್ಲಿ ಎರಡೂವರೆ ರಂಧ್ರ. ಒಂದೇ ಬೀಮಿನಲ್ಲಿ ಕೂರುವುದಿಲ್ಲ. ಇದನ್ನು ಗೊತ್ತು ಮಾಡಿಕೊಂಡರೆ ಕಾಗದದ ಮೇಲೇ ಗಾಡಿಯ ಒಳಭಾಗ ಬರೆಯಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಂಬತ್ತು ಪಟ್ಟು ಮಾಡುವುದೇನೋ ಸರಿ, ಎಲ್ಲಿ ಮಾಡುತ್ತೀರಿ? ಹೊಸಬರು ಹೆಚ್ಚಾಗಿ ಮೋಟಾರಿನ ಬುಡದಲ್ಲೇ ಎರಡೂ ಹಂತ ಮುಗಿಸಿಬಿಡುತ್ತಾರೆ. ಜಾಗ ಅಲ್ಲೇ ಇರುತ್ತದೆ ನೋಡಿ. ಆಮೇಲೆ ಆ ಒಂಬತ್ತು ಪಟ್ಟು ಟಾರ್ಕ್ ಉದ್ದ ಕಡ್ಡಿ, ಕಡ್ಡಿ ಬಾಗಿದರೂ ತಿರುಗಿಸುವ ಯೂನಿವರ್ಸಲ್ ಜಾಯಿಂಟ್, ಬೆವೆಲ್ ಮೂಲೆ, ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಲ್ಲವನ್ನೂ ದಾಟಿ ಚಕ್ರಕ್ಕೆ ಹೋಗಬೇಕು. ಪ್ಲಾಸ್ಟಿಕ್ ಕಡ್ಡಿ ಜಿಲೇಬಿಯ ಹಾಗೆ ತಿರುಚಿಕೊಳ್ಳುತ್ತದೆ. ಜಾಯಿಂಟ್ ಮುರಿಯುತ್ತದೆ. ಅದರ ಬದಲು ಕಡ್ಡಿಗಳು ಜೋರಾಗಿ, ಹಗುರಾಗಿ ತಿರುಗಲಿ. ಟಾರ್ಕ್ ಹೆಚ್ಚಿಸುವ ಹಂತವನ್ನು ಚಕ್ರಕ್ಕೆ ಎಷ್ಟು ಹತ್ತಿರ ಇಡಲಾಗುತ್ತದೋ ಅಷ್ಟು ಹತ್ತಿರ ಇಡಿ.

ದೊಡ್ಡ ಜೀಪಿನವರು ಮಾಡಿದ್ದೂ ಇದನ್ನೇ. ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಆ ದಾರಿ ಗೊತ್ತು. 1,343 ಮೀಟರ್ ಬೆಟ್ಟ, ಕಲ್ಲು ಕೊರಕಲು. ಡ್ರೈವರು ಕೆಳಗೇ ಫೋರ್ ವೀಲ್ ಹಾಕಿ, ಲೋ ಗೇರಿಗೆ ಇಳಿಸಿ, ಇಂಜಿನ್ ಗುರ್ರನ್ನುತ್ತಿದ್ದರೂ ಗಾಡಿಯನ್ನು ನಡಿಗೆಯ ವೇಗದಲ್ಲಿ ಒಯ್ಯುತ್ತಾನೆ. ನಮ್ಮ ಕಡೆ ಬಹಳ ಕಾಲ ಓಡಿದ ಹಳೆಯ ಮಹೀಂದ್ರಾಗಳ ಮೂಲ ವಿಲ್ಲಿಸ್ ಸಿಜೆ-3ಬಿ. ಅದರ ಫಸ್ಟ್ ಗೇರು ಸುಮಾರು 2.8 ಪಟ್ಟು, ಲೋ ಗೇರು 2.46 ಪಟ್ಟು, ಆಕ್ಸಲ್ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಅನ್ನುವ ಗೇರು ಜೋಡಿ 5.38 ಪಟ್ಟು. ಮೂರೂ ಗುಣಿಸಿದರೆ 37. ಇದರಲ್ಲಿ ಅತಿ ದೊಡ್ಡ ಹಂತ ಯಾವುದು ನೋಡಿ. ಎಲ್ಲಕ್ಕಿಂತ ಕೊನೆಯದು, ಚಕ್ರಗಳ ನಡುವೆ ಇರುವುದು. ಅದಕ್ಕೇ ಗೇರ್ ಬಾಕ್ಸಿನ ಕಡೆಯಿಂದ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಅಷ್ಟು ಸಪೂರ ಇದ್ದರೂ ತಡೆಯುತ್ತದೆ.

ಮಾದರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆಕ್ಸಲ್ಲನ್ನು ಚಕ್ರದ ನಡುವಿಗಿಂತ ಎರಡು ರಂಧ್ರ ಮೇಲಕ್ಕೆ ಏರಿಸಿ. ಅದರ ತುದಿಗೆ 8 ಹಲ್ಲಿನದು, ಕೆಳಗೆ ಚಕ್ರದ ಕಡ್ಡಿಗೆ 24 ಹಲ್ಲಿನದು ಹಾಕಿ. ಮೂರು ಪಟ್ಟು ಚಕ್ರದ ಪಕ್ಕದಲ್ಲೇ ಸಿಕ್ಕಿತು, ಜೊತೆಗೆ ಗಾಡಿಯ ಹೊಟ್ಟೆ 16 ಮಿ.ಮೀ. ಎತ್ತರವಾಯಿತು. ಇದಕ್ಕೆ ಪೋರ್ಟಲ್ ಆಕ್ಸಲ್ ಅನ್ನುತ್ತಾರೆ. ಯೂನಿಮಾಗ್ ಲಾರಿಗಳಲ್ಲಿ ಇರುವುದು ಇದೇ. ಲೆಗೋ 2011ರಲ್ಲಿ ತಂದ ಯೂನಿಮಾಗ್ ಸೆಟ್ಟಿನಲ್ಲೂ ಇದನ್ನು ಹಾಗೇ ಇಟ್ಟಿದ್ದಾರೆ. ನಿಮ್ಮ ಜೀಪಿನಲ್ಲಿ ಪೋರ್ಟಲ್ಲಿಗೂ ಮೊದಲು ಬರುವ ಡಿಫರೆನ್ಷಿಯಲ್ಲಿನ 28 ಹಲ್ಲಿನ ಗೇರನ್ನು 12 ಹಲ್ಲಿನದರಿಂದ ತಿರುಗಿಸಿದರೆ 2.33 ಪಟ್ಟು. ಒಟ್ಟು ಏಳು. ನಮಗೆ ಬೇಕಾದ್ದು ಐದೂವರೆ. ಮೋಟಾರಿನ ಹತ್ತಿರ ಏನೂ ಮಾಡಬೇಕಾಗಿಯೇ ಇಲ್ಲ.

ಸ್ಕ್ರೂ ಆಕಾರದ ವರ್ಮ್ ಗೇರು ಹಾಕಿ ಒಂದೇ ಏಟಿಗೆ 24 ಪಟ್ಟು ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. ಮಾಡಬಹುದು. ಜೀಪು ಹಿಂದಕ್ಕೆ ಜಾರುವುದೂ ಇಲ್ಲ. ಆದರೆ ತಿಕ್ಕಾಟದಲ್ಲೇ ಬಹಳಷ್ಟು ಶಕ್ತಿ ಹೋಗುತ್ತದೆ, ಗಾಡಿ ಬಸವನಹುಳು ಆಗುತ್ತದೆ. ವಿಂಚಿಗೆ ಇಟ್ಟುಕೊಳ್ಳಿ.

ಇಷ್ಟಾದ ಮೇಲೂ ಚಕ್ರ ನಿಂತಲ್ಲೇ ಸುತ್ತಿದರೆ ಅದು ಮೋಟಾರಿನದ್ದೂ ಅಲ್ಲ, ಗೇರಿನದ್ದೂ ಅಲ್ಲ. ಹಿಡಿತದ ಸಮಸ್ಯೆ. ಮಳೆಗಾಲದಲ್ಲಿ ನಮ್ಮ ಅಂಗಳದ ಪಾಚಿ ಮೇಲೆ ಮನುಷ್ಯರೇ ನಿಲ್ಲುವುದಿಲ್ಲ, ಒಣ ಹಲಗೆ ಮೇಲೆ ಪರೀಕ್ಷೆ ಮಾಡಿ. ಏರಿನಲ್ಲಿ ಭಾರ ಹಿಂದಿನ ಚಕ್ರಕ್ಕೆ ಸರಿಯುತ್ತದೆ, ಮುಂದಿನದು ಹಗುರಾಗುತ್ತದೆ. ಬ್ಯಾಟರಿ ಡಬ್ಬವನ್ನು ಮುಂದಕ್ಕೆ, ಆದಷ್ಟು ಕೆಳಕ್ಕೆ ಇಡಿ.

ಡಿಫರೆನ್ಷಿಯಲ್ಲೂ ಇಲ್ಲಿ ಕೈ ಕೊಡುತ್ತದೆ. ಅದು ಎರಡೂ ಚಕ್ರಕ್ಕೆ ಒಂದೇ ಸಮ ಟಾರ್ಕ್ ಕೊಡುವ ಸಾಧನ. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದಕ್ಕೆ ಬೇಕಾದ ಟಾರ್ಕ್ ಸೊನ್ನೆಯ ಹತ್ತಿರ, ನೆಲದಲ್ಲಿರುವ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಹಾಗಂತ ತೆಗೆದುಬಿಡಬೇಕಾ? ಅದು ಗಾಡಿ ಎಂಥ ದಾರಿಯಲ್ಲಿ ಓಡುತ್ತದೆ ಅನ್ನುವುದನ್ನು ಅವಲಂಬಿಸಿದೆ. ಅರ್ಧ ಸುತ್ತು ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ಓಡುವ ದೂರ, ಎರಡು ಚಕ್ರದ ನಡುವಿನ ಅಗಲದ 3.14 ಪಟ್ಟು. ತಿರುವು ದೊಡ್ಡದಿರಲಿ, ಸಣ್ಣದಿರಲಿ, ಲೆಕ್ಕ ಅದೇ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಸುವ ಕಡೆ ನಾಲ್ಕು ಅಡಿ ಅಗಲದ ಜೀಪಿನ ಹೊರಚಕ್ರ ಹನ್ನೆರಡು ಅಡಿಗೂ ಜಾಸ್ತಿ ಓಡಬೇಕು. ಡಾಂಬರು ರಸ್ತೆಯಲ್ಲಿ ಡಿಫರೆನ್ಷಿಯಲ್ ಇಲ್ಲದೆ ಟೈರು ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಟೆಕ್ನಿಕ್ ಸರಣಿ 1977ರಲ್ಲಿ ಶುರುವಾಯಿತು, 1980ರ 8860 ನಂಬರಿನ ಕಾರಿನ ಸೆಟ್ಟಿಗೇ ಡಿಫರೆನ್ಷಿಯಲ್ ಬಂದಿತ್ತು. ಜಗುಲಿಯ ನುಣುಪು ನೆಲದಲ್ಲಿ ತಿರುಗಿಸಿ ಆಡುವ ಗಾಡಿಗೆ ಅದು ಇರಲಿ. ಬರೀ ಕಲ್ಲು ಏರು ಹತ್ತಿಸುವ ಗಾಡಿಯಾದರೆ ಹಿಂದಿನದಕ್ಕಾದರೂ ನೇರ ಕಡ್ಡಿ ಹಾಕಿ. ಮಣ್ಣಿನಲ್ಲಿ ಟೈರು ಸ್ವಲ್ಪ ಜಾರಿದರೆ ನಷ್ಟವಿಲ್ಲ. ಗದ್ದೆಯ ಟಿಲ್ಲರಿಗೂ ಡಿಫರೆನ್ಷಿಯಲ್ ಇಲ್ಲ. ಎಡ ಹಿಡಿಕೆ ಒತ್ತಿದರೆ ಎಡ ಚಕ್ರದ ಕ್ಲಚ್ ಬಿಡುತ್ತದೆ, ಬಲ ಚಕ್ರ ತಳ್ಳಿ ಗಾಡಿ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಉಲ್ಟಾ. ಬಿಟ್ಟ ಚಕ್ರವೇ ಜೋರಾಗಿ ಉರುಳಿ ಗಾಡಿ ಬಲಕ್ಕೆ ಹೋಗುತ್ತದೆ. ಟಿಲ್ಲರ್ ಹೊಡೆಯುವವರನ್ನು ಕೇಳಿ ನೋಡಿ.

ಲೆಗೋ ಇಲ್ಲದವರಿಗೆ ಒಂದು ಮಾತು. ಮೆಕ್ಯಾನಿಕ್ಸ್‌ನಂಥ ತಗಡಿನ ಪಟ್ಟಿ, ನಟ್ಟು ಬೋಲ್ಟಿನ ಸೆಟ್ಟಿನಲ್ಲೂ ಇದೆಲ್ಲ ಮಾಡಬಹುದು. ಇದರ ಮೂಲ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ ಮೆಕ್ಕಾನೋ. ಚೌಕಟ್ಟು ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಮೋಟಾರಿಗೆ, ಶಾಲೆಯ ಪ್ರಾಜೆಕ್ಟುಗಳಲ್ಲಿ ಬಳಸುವ ಹಳದಿ ಬಿಒ (ಬ್ಯಾಟರಿಯಲ್ಲಿ ಓಡುವ) ಮೋಟಾರು ಸಾಕು. ಅದರ ಡಬ್ಬದೊಳಗೇ ಸಾಮಾನ್ಯವಾಗಿ 48 ಪಟ್ಟು ಗೇರು ಇರುತ್ತದೆ, ಚಕ್ರವನ್ನು ನೇರವಾಗಿ ಸಿಕ್ಕಿಸಬಹುದು.

ಸೆಲ್ ಕೂಡ ಗಮನಿಸಿ. ಆರು ಸಾದಾ ಸೆಲ್ ಹಾಕಿದರೆ 9 ವೋಲ್ಟ್. ಚಾರ್ಜ್ ಮಾಡುವ ಸೆಲ್ ಒಂದಕ್ಕೆ 1.2 ವೋಲ್ಟ್, ಆರಕ್ಕೆ 7.2 ಮಾತ್ರ. ಮೇಲೆ ಹೇಳಿದ ಮೋಟಾರಿನ ಅಂಕಿಗಳು 9 ವೋಲ್ಟಿನವು.

ಹಾಗಾದರೆ ದೊಡ್ಡ ಮೋಟಾರು ಯಾವಾಗ? ಜೀಪು ಹತ್ತುತ್ತಿದೆ, ಆದರೆ ಮಗಳಿಗೆ ಕಾದು ಸಾಕಾಗಿದೆ ಅಂದಾಗ. ಗೇರು ಟಾರ್ಕ್ ಹೆಚ್ಚಿಸುವಾಗ ಅಷ್ಟೇ ವೇಗ ಕಳೆಯುತ್ತದೆ, ಹೊಸ ಶಕ್ತಿ ಹುಟ್ಟಿಸುವುದಿಲ್ಲ. ಪವರ್ ಫಂಕ್ಷನ್ಸ್ ಎಕ್ಸ್‌ಎಲ್ ಮೋಟಾರು ನಿಲ್ಲುವಾಗ ಕೊಡುವುದು ಸುಮಾರು 4,000 ಗ್ರಾಂ ಸೆಂಟಿಮೀಟರ್, ಭಾರವಿಲ್ಲದ ವೇಗ ನಿಮಿಷಕ್ಕೆ 220 ಸುತ್ತು. ಅದಕ್ಕೆ 12 ಮತ್ತು 20ರ ಒಂದೇ ಜೋಡಿ ಸಾಕು. ಎಂ ಮೋಟಾರಿಗೆ ಒಂಬತ್ತು ಪಟ್ಟು ಇಟ್ಟಾಗಿನ ವೇಗಕ್ಕೆ ಹೋಲಿಸಿದರೆ ಅದೇ ಹಲಗೆಯನ್ನು ಸುಮಾರು ಎರಡೂವರೆ ಪಟ್ಟು ಬೇಗ ಹತ್ತುತ್ತದೆ. ಆ ಜೋಡಿಯನ್ನೂ ಚಕ್ರದ ಪಕ್ಕದಲ್ಲೇ ಇಡಿ. ಚೌಕಟ್ಟನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಂಡಿರಬೇಕು.