ಸೀರೆಗೆ ಇಪ್ಪತ್ತು ನಿಮಿಷ

ಅಪ್ಪ ಅಮ್ಮನಿಗೆ ಜಾಗ ನೋಡಲು ಬರುವ ಮಕ್ಕಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾರೆ. ಅಷ್ಟೊತ್ತಿಗೆ ಎಲ್ಲರ ಸ್ನಾನ ಮುಗಿದಿರುತ್ತದೆ, ನೆಲ ಒರೆಸಿ ಆಗಿರುತ್ತದೆ, ಯಾರೋ ಒಬ್ಬರು ಪೇಪರ್ ಹಿಡಿದು ಕೂತಿರುತ್ತಾರೆ. 'ಚೆನ್ನಾಗಿದೆ ಅಲ್ವಾ' ಅಂದುಕೊಂಡು ಹೊರಡುತ್ತಾರೆ. ವಯಸ್ಸಾದವರಿಗೆ ದಿನನಿತ್ಯದ ಕೆಲಸಗಳಲ್ಲಿ ಸಹಾಯ ಮಾಡುವ ಬೆಂಗಳೂರಿನ ಒಂದು ಅಸಿಸ್ಟೆಡ್ ಲಿವಿಂಗ್ ಮನೆಯಲ್ಲಿ ನರ್ಸ್ ಆಗಿರುವ ನಾನು ಹೇಳುವುದಿಷ್ಟೆ: ಬೆಳಿಗ್ಗೆ ಆರು ಗಂಟೆಗೆ ಬನ್ನಿ.

ನಿಜವಾದ ಕೆಲಸ ಇರುವುದು ಆಗ. ಯಾರಿಗೆ ಎಷ್ಟು ಸಹಾಯ ಬೇಕು ಅಂತ ಅಳೆಯಲು 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರ ತಂಡ ಪ್ರಕಟಿಸಿದ ಪಟ್ಟಿ ಈಗಲೂ ಬಳಕೆಯಲ್ಲಿದೆ. ಅದರಲ್ಲಿರುವುದು ಆರೇ ವಿಷಯ: ಸ್ನಾನ, ಬಟ್ಟೆ, ಶೌಚಾಲಯ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಕಾಗದದ ಮೇಲೆ 'ಬಟ್ಟೆ' ಒಂದೇ ಪದ. ನಮ್ಮಲ್ಲಿ ಅದು ಸೀರೆ.

ನಮ್ಮಲ್ಲೊಬ್ಬರು ಟೀಚರಮ್ಮ ಇದ್ದಾರೆ. ಸ್ಟ್ರೋಕ್ ಆದ ಮೇಲೆ ಎಡಗೈ ಸೋತಿದೆ. ಹೊಸದಾಗಿ ಬಂದ ಆಯಾ 'ನಿಮಗ್ಯಾಕಮ್ಮ ಕಷ್ಟ' ಅಂತ ಎರಡು ನಿಮಿಷದಲ್ಲಿ ನೈಟಿ ಹಾಕಿಬಿಟ್ಟಳು. ಪಾಪ, ಪ್ರೀತಿಯಿಂದಲೇ. ನಾಲ್ಕು ದಿನ ಟೀಚರಮ್ಮ ಊಟದ ಹಾಲ್‌ಗೆ ಬರಲಿಲ್ಲ. ಹಸಿವಿಲ್ಲ ಎಂದರು. ಗಂಡಸರ ಎದುರು ನೈಟಿಯಲ್ಲಿ ಕೂರಲು ಅವರಿಗೆ ಆಗುತ್ತಿರಲಿಲ್ಲ ಅಂತ ನಮಗೆ ಹೊಳೆದಿದ್ದು ಐದನೇ ದಿನ. ಈಗ ಆಯಾ ನಿರಿಗೆ ಹಿಡಿದು ಕೊಡುತ್ತಾಳೆ, ಟೀಚರಮ್ಮ ಬಲಗೈಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಸೆರಗಿನ ಪಿನ್ ಮಾತ್ರ ಯಾರನ್ನೂ ಮುಟ್ಟಲು ಬಿಡುವುದಿಲ್ಲ. ಇಪ್ಪತ್ತು ನಿಮಿಷ ಹಿಡಿಯುತ್ತದೆ.

'ಇಷ್ಟು ದುಡ್ಡು ಕೊಡ್ತೀವಿ, ಅಮ್ಮ ಯಾಕೆ ತಾವೇ ಉಟ್ಕೋಬೇಕು?' ಅಂತ ಮಗಳು ಫೋನಿನಲ್ಲಿ ರೇಗಿದರು. ಪೂರ್ತಿ ನಾವೇ ಮಾಡಿಕೊಟ್ಟರೆ ಇರುವ ಶಕ್ತಿಯೂ ಹೋಗುತ್ತದೆ ಅಂತ ವಿವರಿಸಿದೆ. ಒಪ್ಪಿದರೋ ಇಲ್ಲವೋ, ಫೋನ್ ಇಟ್ಟರು.

ಡೈಪರ್ ಕಥೆಯೂ ಇದೇ. ರಾತ್ರಿ ಬಾತ್‌ರೂಮಿಗೆ ಕರೆದುಕೊಂಡು ಹೋಗುವುದಕ್ಕಿಂತ ಡೈಪರ್ ಸುಲಭ, ನಿಜ. ಬಿಪಿ ಮಾತ್ರೆ ತಿನ್ನುವವರು ತಟಕ್ಕನೆ ಎದ್ದರೆ ತಲೆ ಸುತ್ತಿ ಬೀಳಬಹುದು, ಅದೂ ನಿಜ. ಅದಕ್ಕೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಿಸಿ ಆಮೇಲೆ ಏಳಿಸುತ್ತೇವೆ. ನಡೆಯಬಲ್ಲವರಿಗೆ ಸುಮ್ನೆ ಡೈಪರ್ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಸಂಜೆ ಐದರ ಹೊತ್ತು ಬೇರೆ ಥರ. ಮರೆವಿನ ಕಾಯಿಲೆ ಇರುವವರಿಗೆ ಆಗ ಕಳವಳ ಜಾಸ್ತಿ. ಒಬ್ಬ ಅಜ್ಜ ದಿನಾ ಚೀಲ ಹಿಡಿದು ಗೇಟಿಗೆ ಬರುತ್ತಾರೆ: 'ಮನೆಗೆ ಹೋಗ್ಬೇಕು.' 'ಇದೇ ನಿಮ್ಮ ಮನೆ' ಎಂದರೆ ಸಿಟ್ಟು ಬರುತ್ತದೆ. 'ಕಾಫಿ ಕುಡ್ಕೊಂಡು ಹೋಗೋಣ, ಬನ್ನಿ ಅಜ್ಜ' ಎಂದರೆ ಬರುತ್ತಾರೆ.

ಹಾಗಾಗಿ ಜಾಗ ನೋಡಲು ಹೋದಾಗ ಗಾರ್ಡನ್ ಆಮೇಲೆ ನೋಡಿ. ಬೆಳಗಿನ ಹೊತ್ತು ಒಬ್ಬ ಆಯಾಗೆ ಎಷ್ಟು ಜನ ಅಂತ ಮೊದಲು ಕೇಳಿ. ನಮ್ಮಲ್ಲಿ ನಾಲ್ಕು. ಒಬ್ಬಳು ರಜೆ ಹಾಕಿದ ದಿನ ಆರಾಗುತ್ತದೆ, ಅವತ್ತು ಟೀಚರಮ್ಮ ಊಟಕ್ಕೆ ತಡವಾಗಿ ಬರುತ್ತಾರೆ. ಸೀರೆಯಲ್ಲೇ.