ನ್ಯುಮೋನಿಯಾ ರೋಗಿಗೆ ಬರೀ ಗಂಜಿ ಸಾಲದು

ಮಳೆಗಾಲ ಹಿಡಿದರೆ ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಹಾಸನದ ಆಸ್ಪತ್ರೆಗಳಿಗೆ ನ್ಯುಮೋನಿಯಾ ಆದವರು ಬರುವುದು ಜಾಸ್ತಿಯಾಗುತ್ತದೆ. ವಯಸ್ಸಾದವರು, ಶುಗರ್ ಇರುವವರು, ವರ್ಷಗಟ್ಟಲೆ ಬೀಡಿ ಸೇದಿದವರೇ ಹೆಚ್ಚು. ಆಕ್ಸಿಜನ್ ಎಷ್ಟಿದೆ, ಯಾವ ಇಂಜೆಕ್ಷನ್ ಹಾಕಿದ್ರಿ ಅಂತ ಮನೆಯವರು ಮತ್ತೆ ಮತ್ತೆ ಕೇಳುತ್ತಾರೆ. ಊಟದ ಬಗ್ಗೆ ಕೇಳುವವರು ಕಡಿಮೆ. ಆಹಾರ ತಜ್ಞೆಯಾಗಿ ನಾನು ವಾರ್ಡಿನಲ್ಲಿ ಮೊದಲು ನೋಡುವುದು ಮಂಚದ ಪಕ್ಕದ ಫ್ಲಾಸ್ಕನ್ನು. ಅದರಲ್ಲಿ ಬಹುಪಾಲು ಇರುವುದು ತಿಳಿ ಗಂಜಿ.

"ಅತ್ತೆ ಬೆಳಗ್ಗಿಂದ ನಾಲ್ಕು ಲೋಟ ಗಂಜಿ ಕುಡಿದಿದ್ದಾರೆ ಮೇಡಂ, ಊಟಕ್ಕೇನೂ ತೊಂದ್ರೆ ಇಲ್ಲ" ಎಂದರು ಒಬ್ಬ ಸೊಸೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಲೋಟ ತಿಳಿ ಗಂಜಿಯಲ್ಲಿ ಇರುವುದು ಒಂದು ಮುಷ್ಟಿಗೂ ಕಡಿಮೆ ಅಕ್ಕಿ. ಸುಮಾರು 50 ಕ್ಯಾಲೊರಿ, 1 ಗ್ರಾಂ ಪ್ರೋಟೀನ್. ನಾಲ್ಕು ಲೋಟಕ್ಕೆ 200 ಕ್ಯಾಲೊರಿ, 4 ಗ್ರಾಂ ಪ್ರೋಟೀನ್. ಅತ್ತೆಯ ತೂಕ 50 ಕೆಜಿ. ಇಂಥ ಕಾಯಿಲೆಯಲ್ಲಿ ಅವರಿಗೆ ದಿನಕ್ಕೆ 60 ಗ್ರಾಂ ಪ್ರೋಟೀನ್, 1,300ರಿಂದ 1,500 ಕ್ಯಾಲೊರಿ ಬೇಕು. ಹೊಟ್ಟೆ ತುಂಬಿತ್ತು, ಆದರೆ ಮೈ ಉಪವಾಸವಿತ್ತು.

ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮೈ ಖರ್ಚು ಮಾಡುವ ಶಕ್ತಿ ಶೇ. 10ಕ್ಕೂ ಹೆಚ್ಚು ಏರುತ್ತದೆ. ಏದುಸಿರಿಗೆ ಬೇಕಾಗುವ ಶಕ್ತಿ ಬೇರೆ. ಹೊರಗಿಂದ ಸಿಗದಿದ್ದರೆ ದೇಹ ತನ್ನದೇ ಮಾಂಸಖಂಡವನ್ನು ಕರಗಿಸಿಕೊಳ್ಳುತ್ತದೆ. ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಸ್ಕ್ಯಾನ್ ಮಾಡಿ ಅಳೆದ ಒಂದು ಅಧ್ಯಯನ 2013ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂತು. ಹತ್ತೇ ದಿನದಲ್ಲಿ ಸ್ನಾಯು ಸುಮಾರು ಶೇ. 18ರಷ್ಟು ಕರಗಿತ್ತು. ಊಟ ಒಂದರಿಂದಲೇ ಇದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಸೋಂಕಿನ ಉರಿಯೂತವೂ ಕಾರಣ. ಆದರೆ ಉಪವಾಸ ಸೇರಿದರೆ ಇನ್ನೂ ಕಷ್ಟ. ಉಸಿರೆಳೆಯುವ ವಪೆ, ಪಕ್ಕೆಲುಬಿನ ಮಧ್ಯದ ಸ್ನಾಯುಗಳು ಸೋತರೆ ಕೆಮ್ಮಿ ಕಫ ಹೊರಹಾಕುವ ತ್ರಾಣವೂ ಇರುವುದಿಲ್ಲ.

ಹಾಗಾದರೆ ಗಂಜಿ ಬಿಡಬೇಕಾ? ಬೇಡ, ಗಟ್ಟಿ ಮಾಡಿ. ಎರಡು ದೊಡ್ಡ ಚಮಚ ಹೆಸರುಬೇಳೆಯನ್ನು ಅಕ್ಕಿ ಜೊತೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಕಡೆದು, ಒಂದು ಚಮಚ ತುಪ್ಪ ಹಾಕಿ. ಬೇಳೆಯಿಂದಲೇ 7 ಗ್ರಾಂ ಪ್ರೋಟೀನ್ ಸಿಗುತ್ತದೆ. ರಾಗಿ ಮಾಲ್ಟನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ. ಬೇಯಿಸಿದ ಮೊಟ್ಟೆ ಒಂದರಲ್ಲಿ 6 ಗ್ರಾಂ ಇದೆ, ಹಿಸುಕಿ ಗಂಜಿಗೇ ಬೆರೆಸಬಹುದು. ಮೊಟ್ಟೆ ನಂಜು, ಹಾಲು ಮೊಸರು ಕಫ ಅಂತ ನಮ್ಮ ಕಡೆ ದೂರ ಇಡುತ್ತಾರೆ. ಹಾಲು ಕುಡಿದರೆ ಶ್ವಾಸಕೋಶದಲ್ಲಿ ಕಫ ಹೆಚ್ಚಾಗುವುದಿಲ್ಲ. ಬಾಯಲ್ಲಿ ಸ್ವಲ್ಪ ಹೊತ್ತು ಅಂಟಂಟು ಅನಿಸುತ್ತದೆ, ಅಷ್ಟೇ. ಎಳನೀರು ಊಟಕ್ಕೆ ಬದಲಿಯಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಸ್ಟೀರಾಯ್ಡ್ ಕೊಡುತ್ತಿದ್ದರೆ ರಕ್ತದ ಸಕ್ಕರೆ ಏರುತ್ತದೆ, ಮಾಲ್ಟಿಗೆ ಸಕ್ಕರೆ, ಬೆಲ್ಲ ಸುರಿಯಬೇಡಿ.

ಏನು ಕೊಡುತ್ತೀರಿ ಅನ್ನುವಷ್ಟೇ ಹೇಗೆ ಕೊಡುತ್ತೀರಿ ಅನ್ನುವುದೂ ಮುಖ್ಯ. ನುಂಗುವಾಗ ನಾವೆಲ್ಲ ಒಂದು ಕ್ಷಣ ಉಸಿರು ನಿಲ್ಲಿಸುತ್ತೇವೆ. ಏದುಸಿರು ಬಿಡುವವರಿಗೆ ಆ ಒಂದು ಕ್ಷಣವೇ ಸಿಗುವುದಿಲ್ಲ, ತುತ್ತು ಶ್ವಾಸನಾಳಕ್ಕೆ ಜಾರುತ್ತದೆ. ಆದ್ದರಿಂದ ಮಂಚದ ತಲೆಭಾಗ ಎತ್ತಿ ನೆಟ್ಟಗೆ ಕೂರಿಸಿ. ಅರ್ಧ ಚಮಚ ಕೊಡಿ, ನುಂಗಿದ್ದು ನೋಡಿ, ಎರಡು ಉಸಿರು ಆಡಲು ಬಿಡಿ, ಆಮೇಲೆ ಮುಂದಿನದು. ಮೂರು ಹೊತ್ತು ತಟ್ಟೆ ತುಂಬ ಬೇಡ, ಎರಡು ಗಂಟೆಗೊಮ್ಮೆ ಅರ್ಧ ಬಟ್ಟಲು ಸಾಕು. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಒಂದು ಮಾತು ಪೂರ್ತಿ ಆಡಲೂ ಉಸಿರು ಸಾಲದಿದ್ದರೆ, ಇಲ್ಲ ನುಂಗಿದ ಕೂಡಲೇ ಕೆಮ್ಮು ಬಂದರೆ, ಅಲ್ಲಿಗೇ ನಿಲ್ಲಿಸಿ ನರ್ಸ್ ಅವರನ್ನು ಕರೆಯಿರಿ. ಉಸಿರಾಟಕ್ಕೆ ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಮಾಸ್ಕ್ ಇದ್ದರೆ ನೀವೇ ತೆಗೆದು ತಿನ್ನಿಸಬೇಡಿ.

ಬಾಯಿಂದ ಆಗದಿದ್ದರೆ ಡಾಕ್ಟರು ಮೂಗಿನ ಪೈಪ್ ಹಾಕೋಣ ಎನ್ನುತ್ತಾರೆ. ಆಗ ಮನೆಯವರ ಮುಖ ಬಾಡುತ್ತದೆ, ಕೊನೆ ಬಂತೇನೋ ಎಂದು. ಹಾಗಲ್ಲ. ಐಸಿಯುನಲ್ಲಿ ಬಾಯಿಂದ ಊಟ ಆಗದವರಿಗೆ, ಬಿಪಿ ಸ್ಥಿರವಾಗಿದ್ದರೆ, 48 ಗಂಟೆಯೊಳಗೆ ಪೈಪಿನಲ್ಲಿ ಆಹಾರ ಶುರು ಮಾಡುವುದು ಈಗಿನ ಪದ್ಧತಿ. ಚೇತರಿಸಿಕೊಂಡು ನುಂಗಲು ಬಂದರೆ ಪೈಪ್ ತೆಗೆಯುತ್ತಾರೆ. ತಡ ಮಾಡಿದಷ್ಟೂ ನಷ್ಟ ರೋಗಿಗೇ.

ಇನ್ನೊಂದು ಎಚ್ಚರಿಕೆ. ಐದಾರು ದಿನ ಏನೂ ತಿಂದಿಲ್ಲದವರಿಗೆ, ದಿನಾ ಕುಡಿಯುವವರಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯ. ಅಂಥವರಿಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ರಕ್ತ ಪರೀಕ್ಷೆ ನೋಡುತ್ತಾ ಊಟವನ್ನು ನಿಧಾನವಾಗಿ ಏರಿಸುತ್ತೇವೆ. ನಾವು ಇಷ್ಟೇ ಕೊಡಿ ಅಂದಾಗ ಜಿಪುಣತನ ಅಂದುಕೊಳ್ಳಬೇಡಿ. ಎಷ್ಟು ದಿನದಿಂದ ಊಟ ಬಿಟ್ಟಿದ್ದಾರೆ, ಕುಡಿಯುತ್ತಾರಾ ಎಂಬುದನ್ನು ಮುಚ್ಚಿಡದೆ ಹೇಳಿ.

ಕಫ ಪರೀಕ್ಷೆಯಲ್ಲಿ ಟಿಬಿ ಎಂದು ಬಂದರೆ ಟಿಬಿ ರೋಗಿಗಳಿಗೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಗೆ ಬ್ಯಾಂಕ್ ಖಾತೆಯ ವಿವರ ಕೊಡುವುದನ್ನು ಮರೆಯಬೇಡಿ. ಊಟದ ಖರ್ಚಿಗೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಆ ದುಡ್ಡಿಗೆ ಡಬ್ಬದ ಪ್ರೋಟೀನ್ ಪುಡಿ ತರುವುದಕ್ಕಿಂತ ಮೊಟ್ಟೆ, ಹಾಲು, ಹುರುಳಿ, ಕಡಲೆಬೀಜ ತಂದರೆ ಜಾಸ್ತಿ ದಿನ ಬರುತ್ತದೆ.