ಕ್ಯಾಮೆರಾ ಆನ್ ಆದ ಕೂಡಲೇ ಮಾತು ನಿಂತುಹೋದರೆ ಏನು ಮಾಡೋದು?

ಪ್ರಶ್ನೆ: ನಮ್ಮದು ಇಳಕಲ್ ಸೀರೆ ಮಾರುವ ಸಣ್ಣ ಆನ್‌ಲೈನ್ ಅಂಗಡಿ. ನೇಕಾರರನ್ನು ಮಾತಾಡಿಸಿ ವಿಡಿಯೊ ಹಾಕಬೇಕು ಅಂತ ಆಸೆ. ಸುಮ್ನೆ ಕೂತಾಗ ಚೆನ್ನಾಗಿ ಮಾತಾಡ್ತಾರೆ. ಮೊಬೈಲನ್ನು ಸ್ಟ್ಯಾಂಡ್‌ಗೆ ಹಾಕಿದ ತಕ್ಷಣ ‘ಹೌದ್ರಿ’, ‘ಇಲ್ರಿ’ ಅಷ್ಟೇ. ಒಳ್ಳೇ ಕ್ಯಾಮೆರಾ ತಗೊಂಡರೆ ಸರಿಹೋಗುತ್ತಾ?

ಉತ್ತರ: ಕ್ಯಾಮೆರಾ ಸದ್ಯಕ್ಕೆ ಬೇಡ. ಕೈಯಲ್ಲಿರುವ ಮೊಬೈಲೇ ಸಾಕು. ಮಾತು ನಿಲ್ಲುವುದು ಕ್ಯಾಮೆರಾದ ಭಯಕ್ಕಿಂತ ಜಾಸ್ತಿ ನಮ್ಮ ಪ್ರಶ್ನೆಯಿಂದ. ‘ಇಳಕಲ್ ಸೀರೆಯ ವಿಶೇಷತೆ ಏನು?’, ‘ಕೈಮಗ್ಗದ ಭವಿಷ್ಯದ ಬಗ್ಗೆ ನಿಮ್ಮ ಅಭಿಪ್ರಾಯ?’ ಅಂತ ಕೇಳಿದರೆ ಎದುರಿಗಿರುವವರಿಗೆ ಭಾಷಣ ಮಾಡಬೇಕೇನೋ ಅನ್ನಿಸುತ್ತದೆ. ಅಭ್ಯಾಸ ಇಲ್ಲದವರು ‘ಚಲೋ ಇರ್ತಾವ್ರಿ’ ಅಂತ ಹೇಳಿ ಸುಮ್ಮನಾಗುತ್ತಾರೆ. ಅವರಿಗೆ ಹೇಳಲು ಏನೂ ಇಲ್ಲ ಅಂತ ಅಲ್ಲ. ಅವರ ಮಾತು ಕೈಕೆಲಸದ ಜೊತೆ ಬರುವಂಥದ್ದು. ಅದನ್ನು ಕುರ್ಚಿ ಹಾಕಿ ಕೂರಿಸಿ ಕೇಳಿದರೆ ಬರುವುದಿಲ್ಲ.

ಹಾಗಾಗಿ ಕೆಲಸದ ಹತ್ತಿರವೇ ಹೋಗಿ ಕೇಳಿ. ಇಳಕಲ್ ಸೀರೆಯಲ್ಲಿ ಒಡಲಿಗೆ ಒಂದು ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳು), ಸೆರಗಿಗೆ ಬೇರೆಯೇ ರೇಷ್ಮೆ ಹಾಸು. ಆ ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಈ ಜೋಡಣೆಯಿಂದಾಗಿ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ತಯಾರು ಮಾಡಬೇಕು. ಸೀರೆ ಕೊಳ್ಳುವ ಎಷ್ಟೋ ಜನ ಇದನ್ನು ಕಣ್ಣಾರೆ ನೋಡಿರುವುದಿಲ್ಲ. ನಿಮ್ಮ ಸಂದರ್ಶನ ಇಲ್ಲಿಂದಲೇ ಶುರುವಾಗಲಿ.

‘ಅಕ್ಕಾರ, ಈ ಸೆರಗ ಹ್ಯಾಂಗ ಜೋಡಸ್ತೀರಿ? ಒಮ್ಮಿ ತೋರಸ್ರಿ’ ಅನ್ನಿ. ಬೆರಳು ಓಡತೊಡಗಿದರೆ ಬಾಯಿ ತಾನಾಗಿ ಬಿಚ್ಚುತ್ತದೆ. ‘ಇಲ್ಲಿ ಒಂದ್ ಎಳಿ ತಪ್ಪಿದ್ರ ಏನಾಗ್ತದ?’ ಅಂತ ಮುಂದುವರಿಸಿ. ಆಮೇಲೆ ‘ನಿಮಗ ಇದನ್ನ ಯಾರ್ ಕಲಿಸಿದ್ರು?’ ಅಂತ ಕೇಳಿ. ನೋಡಿ, ಎಳೆಯಿಂದ ಹೊರಟ ಮಾತು ಅವರ ಅವ್ವನ ಹತ್ತಿರವೋ ಅತ್ತೆಯ ಹತ್ತಿರವೋ ಬಂತು. ಮೊದಲೇ ‘ನಿಮ್ಮ ಕುಟುಂಬದ ಹಿನ್ನೆಲೆ ಹೇಳಿ’ ಅಂದಿದ್ದರೆ ಎರಡು ಸಾಲಿಗೆ ಮುಗಿಯುತ್ತಿತ್ತು.

ಪ್ರಶ್ನೆಗಳ ಪಟ್ಟಿಯನ್ನು ಹಿಂದಿನ ದಿನ ವಾಟ್ಸಾಪ್ ಮಾಡಬೇಡಿ. ಅವರು ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಯಾವ ವಿಷಯ, ಎಷ್ಟು ಹೊತ್ತು, ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಮಾತ್ರ ಮುಂಚೆ ಹೇಳಿ. ಇನ್ನೊಂದು ಮಾತನ್ನೂ ಹೇಳಿಡಿ: ‘ವಿಡಿಯೊದಾಗ ನನ್ನ ಪ್ರಶ್ನಿ ಕೇಳ್ಸೂದಿಲ್ರಿ. ಅದಕ್ಕ ಉತ್ತರ ಪೂರ್ತಿ ಹೇಳ್ರಿ.’ ‘ಹದಿನೈದು ವರ್ಷ ಆತ್ರಿ’ ಅಂದರೆ ಎಡಿಟ್ ಮಾಡುವಾಗ ಏನೂ ಉಪಯೋಗವಿಲ್ಲ. ‘ನಾ ಹದಿನೈದು ವರ್ಷದಿಂದ ನೇಯ್ತೀನ್ರಿ’ ಅಂದರೆ ಅದೊಂದೇ ಸಾಲಿನಿಂದ ವಿಡಿಯೊ ಶುರು ಮಾಡಬಹುದು.

ಅವರು ಮಾತಾಡುವಾಗ ‘ಹ್ಞೂಂ’, ‘ಓಹೋ’ ಅನ್ನಬೇಡಿ, ಅವರ ಧ್ವನಿಯ ಮೇಲೆ ನಿಮ್ಮದು ಕೂತುಬಿಡುತ್ತದೆ. ತಲೆಯಾಡಿಸಿ ಸಾಕು. ಉತ್ತರ ಮುಗಿದ ಮೇಲೆ ಮೂರ್ನಾಲ್ಕು ಸೆಕೆಂಡ್ ಸುಮ್ಮನಿರಿ. ಮೊದಮೊದಲು ಕಷ್ಟ ಆಗುತ್ತದೆ, ಆದರೆ ಎಷ್ಟೋ ಸಲ ಒಳ್ಳೇ ಮಾತು ಆ ಸಂದಿಯಲ್ಲೇ ಬರುತ್ತದೆ. ‘ಆತ್ರಿ, ಮುಗೀತು’ ಅಂದ ಮೇಲೂ ರೆಕಾರ್ಡಿಂಗ್ ನಡೀತಾ ಇರಲಿ, ಅದನ್ನು ಅವರಿಗೆ ಹೇಳಿಯೇ ಇಡಿ. ಮೈ ಸಡಿಲ ಆದ ಮೇಲೆ ಬರುವ ಮಾತು ಬೇರೆಯೇ ಇರುತ್ತದೆ.

ಇಲ್ಲಿ ನನ್ನದೊಂದು ಹಟ ಇದೆ. ಅವರ ಕನ್ನಡವನ್ನು ತಿದ್ದಬೇಡಿ. ‘ಸ್ವಲ್ಪ ಪುಸ್ತಕದ ಭಾಷೆಯಲ್ಲಿ ಹೇಳಿ’ ಅಂತ ಕೇಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆ ಮಾತು ಕೇಳಿದ ಕ್ಷಣವೇ ಅವರು ತಮ್ಮ ಮಾತು ಸರಿಯಿಲ್ಲ ಅಂದುಕೊಳ್ಳುತ್ತಾರೆ. ಇಳಕಲ್ಲಿನವರು ಇಳಕಲ್ಲಿನ ಹಾಗೇ ಮಾತಾಡಲಿ. ಮಂಗಳೂರಿನವರಿಗೋ ಮೈಸೂರಿನವರಿಗೋ ಅರ್ಥವಾಗದಿದ್ದರೆ ಅಂತ ಅನುಮಾನ ಇದ್ದರೆ ಕೆಳಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿ. ಸೌಂಡ್ ಆಫ್ ಮಾಡಿ ರೀಲ್ಸ್ ನೋಡುವವರಿಗೂ ಅದು ಬೇಕೇ ಬೇಕು.

ಇನ್ನು ದುಡ್ಡು ಖರ್ಚು ಮಾಡುವುದಿದ್ದರೆ ಮೈಕ್‌ಗೆ ಮಾಡಿ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಮುಂದಕ್ಕೆ ಸರಿಸಿಬಿಡುತ್ತಾರೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೆರಗು, ಸರ, ಕರಿಮಣಿ ಅದಕ್ಕೆ ತಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಉದ್ದಕ್ಕೂ ಸರಸರ ಸದ್ದು. ನೇಕಾರರ ಓಣಿಯಲ್ಲಿ ಪಕ್ಕದ ಮನೆಯ ಮಗ್ಗದ ಸದ್ದೂ ಬರುತ್ತದೆ. ಮುಖ್ಯವಾದ ಮಾತುಗಳನ್ನು ಮಗ್ಗ, ಫ್ಯಾನ್ ನಿಲ್ಲಿಸಿ ರೆಕಾರ್ಡ್ ಮಾಡಿ. ಆಮೇಲೆ ಮಗ್ಗ ಶುರು ಮಾಡಿಸಿ, ಲಾಳಿ ಓಡುವ ಸದ್ದನ್ನೇ ಒಂದೆರಡು ನಿಮಿಷ ಬೇರೆಯಾಗಿ ಹಿಡಿಯಿರಿ. ಎಡಿಟ್‌ನಲ್ಲಿ ಮಾತಿನ ಕೆಳಗೆ ಅದನ್ನು ಸಣ್ಣಗೆ ಸೇರಿಸಬಹುದು. ಸಿಮೆಂಟ್ ಗೋಡೆಯ ಖಾಲಿ ಕೋಣೆಯಾದರೆ ಮಾತು ಗುಂಯ್‌ಗುಡುತ್ತದೆ. ಕಂಬಳಿ, ಚಾದರ, ಮಡಿಸಿಟ್ಟ ಸೀರೆ ಏನಿದೆಯೋ ಅದನ್ನು ಫ್ರೇಮಿನ ಹೊರಗೆ ಹರಡಿ.

ಬೆಳಕಿಗೆ ಕಿಟಕಿ ಸಾಕು. ಅದು ಅವರ ಬೆನ್ನಿಗೆ ಬರಬಾರದು, ಮುಖಕ್ಕೆ ಓರೆಯಾಗಿ ಬೀಳಬೇಕು. ಟ್ಯೂಬ್‌ಲೈಟ್ ಹಾಕಲೇಬೇಕಾದರೆ ಸ್ಕ್ರೀನಿನಲ್ಲಿ ಪಟ್ಟೆ ಓಡುತ್ತಿದೆಯಾ ನೋಡಿ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲ್‌ನ ಪ್ರೊ ಮೋಡ್‌ನಲ್ಲಿ (ಕ್ಯಾಮೆರಾದ ಸೆಟ್ಟಿಂಗ್‌ಗಳನ್ನು ನಾವೇ ಬದಲಿಸುವ ಮೋಡ್) ಶಟರ್ ಸ್ಪೀಡನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಹಿಂದಿನ ಕ್ಯಾಮೆರಾ ಬಳಸಿ, ಲೆನ್ಸ್ ಒರೆಸಿ, ಫ್ಲೈಟ್ ಮೋಡ್ ಹಾಕಿ.

ಮೊಬೈಲ್ ಅವರ ಕಣ್ಣಿನ ಎತ್ತರಕ್ಕೆ ಇರಲಿ. ಅವರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದರೆ ನೀವೂ ನೆಲದ ಮೇಲೇ ಕೂತುಕೊಳ್ಳಿ, ಲೆನ್ಸಿಗೆ ತಾಗಿದಂತೆ ಪಕ್ಕದಲ್ಲೇ. ‘ಕ್ಯಾಮೆರಾ ನೋಡಬೇಡ್ರಿ, ನನ್ನ ನೋಡಿ ಮಾತಾಡ್ರಿ’ ಅಂದರೆ ಅರ್ಧ ಗಾಬರಿ ಇಳಿಯುತ್ತದೆ. ನಿಂತುಕೊಂಡು ಮೇಲಿನಿಂದ ಪ್ರಶ್ನೆ ಕೇಳಿದರೆ ಅದು ವಿಚಾರಣೆಯ ಥರ ಆಗುತ್ತದೆ.

ಮಾತು ಮುಗಿದ ಮೇಲೆ ಕೈ, ಲಾಳಿ, ನೂಲು ಸುತ್ತಿದ ಕಂಡಿಕೆ, ಜೋಡಣೆಯ ಜಾಗ ಇವನ್ನೆಲ್ಲ ಹತ್ತಿರದಿಂದ ತೆಗೆಯಿರಿ. ಒಂದೊಂದು ಶಾಟ್ ಹತ್ತು ಸೆಕೆಂಡ್ ಅಲುಗಾಡದೆ ಇರಲಿ. ಎರಡು ಉತ್ತರಗಳನ್ನು ಕತ್ತರಿಸಿ ಅಂಟಿಸಿದ ಕಡೆ ಮುಖ ಎಗರಿದಂತೆ ಕಾಣುತ್ತದೆ, ಅಲ್ವಾ? ಅಲ್ಲಿ ಈ ಶಾಟ್‌ಗಳು ಕೂರುತ್ತವೆ.

ಅವರ ಬಾಯಲ್ಲಿ ‘ಈ ಅಂಗಡಿಯಲ್ಲೇ ಸೀರೆ ತಗೊಳ್ಳಿ’ ಅಂತ ಮಾತ್ರ ಹೇಳಿಸಬೇಡಿ. ಸೆರಗು ಜೋಡಿಸುವುದನ್ನು ನೋಡಿದವರು ಬೆಲೆ ಎಷ್ಟು ಅಂತ ಅವರೇ ಕೇಳುತ್ತಾರೆ. ಅಂಗಡಿಯ ಹೆಸರು ಕೊನೆಯಲ್ಲಿ ಬರಹದಲ್ಲಿ ಬಂದರೆ ಸಾಕು. ಅರ್ಧ ದಿನ ಮಗ್ಗ ನಿಂತರೆ ಅವರ ಅರ್ಧ ದಿನದ ದುಡಿಮೆ ಹೋಯಿತು, ಅದನ್ನು ಲೆಕ್ಕ ಹಾಕಿ ಕೊಡಿ. ಅಪ್‌ಲೋಡ್ ಮಾಡುವ ಮುಂಚೆ ವಿಡಿಯೊವನ್ನು ಅವರಿಗೆ ತೋರಿಸಿ. ಸಾಲದ ಮಾತೋ ಮನೆಯ ಮಾತೋ ಬಾಯಿತಪ್ಪಿ ಬಂದಿದ್ದು, ‘ಇದೊಂದ್ ತಗೀರಿ’ ಅಂದರೆ, ಅದು ಎಷ್ಟೇ ಚೆನ್ನಾಗಿರಲಿ, ತೆಗೆದುಬಿಡಿ.